ಪಾಲ್ಕಿಗುಂಡಿನ ಸವೆದ ಅಕ್ಷರಗಳು: ಫೋಟೋ ಎಷ್ಟರ ಮಟ್ಟಿಗೆ ಸಾಕ್ಷಿ?

ಕೊಪ್ಪಳ ಪಟ್ಟಣದ ಮಗ್ಗುಲಿನ ಎರಡು ಗುಡ್ಡಗಳಲ್ಲಿ ಅಶೋಕನ ಒಂದೇ ಆಜ್ಞೆಯ ಎರಡು ಪ್ರತಿಗಳಿವೆ. ಒಂದು ಗವಿಮಠದ ಬಂಡೆಯ ಮೇಲೆ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ಎನ್. ಬಿ. ಶಾಸ್ತ್ರಿಯವರು 1931ರಲ್ಲಿ ಅವುಗಳನ್ನು ಬೆಳಕಿಗೆ ತಂದರು. ಮರುವರ್ಷವೇ, ಅಂದರೆ 1932ರಲ್ಲಿ, ಹೈದರಾಬಾದ್ ಪುರಾತತ್ವ ಮಾಲೆಯ 10ನೆಯ ಪುಸ್ತಕವಾಗಿ ಅವುಗಳ ಪಾಠ ಅಚ್ಚಾಯಿತು. ಸಂಪಾದಿಸಿದವರು ಲಂಡನ್ನಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಆರ್. ಎಲ್. ಟರ್ನರ್. ಗವಿಮಠದ ಶಾಸನ ಎರಡು ಸಾವಿರ ವರ್ಷಗಳ ಬಿಸಿಲು ಮಳೆಯನ್ನು ತಾಳಿಕೊಂಡು ಚೆನ್ನಾಗಿ ಉಳಿದಿದೆ. ಪಾಲ್ಕಿಗುಂಡಿನದು ಹಾಗಲ್ಲ. ಅಲ್ಲಿ ಬಂಡೆಯ ಮೈ ಸವೆದು, ಅಲ್ಲೊಂದು ಇಲ್ಲೊಂದು ಅಕ್ಷರ ಮಾತ್ರ ನಿಂತಿದೆ. ಗವಿಮಠದ ಪಾಠ ಬಾಯಿಪಾಠವಾದ ಓದುಗ ಪಾಲ್ಕಿಗುಂಡಿನ ಚಿತ್ರವನ್ನು ಕೈಗೆತ್ತಿಕೊಂಡಾಗ ಏನಾಗುತ್ತದೆ ಎಂಬುದೇ ಇಂದಿನ ನನ್ನ ವಿಷಯ. ಕೇಳುಗರೇ, ಅವನ ಕಣ್ಣಿಗೆ ಅಲ್ಲಿ ಇರಬೇಕಾದ ಅಕ್ಷರ ಕಾಣತೊಡಗುತ್ತದೆ. ಬಿರುಕೊಂದು ಗೆರೆಯಾಗುತ್ತದೆ, ಕುಳಿಯೊಂದು ಸೊನ್ನೆಯಾಗುತ್ತದೆ. ಅವನು ಸುಳ್ಳು ಹೇಳುತ್ತಿಲ್ಲ. ತಾನು ತಿಳಿದದ್ದನ್ನೇ ತಾನು ಕಂಡದ್ದೆಂದು ನಂಬಿದ್ದಾನೆ, ಅಷ್ಟೆ. ಶಾಸನದ ಚಿತ್ರಗಳ ಬಗ್ಗೆ ವಿದ್ವಾಂಸರ ನಡುವೆ ನಡೆದಿರುವ ಬಹುಪಾಲು ವಾದಗಳ ಬೇರು ಇಲ್ಲಿದೆ ಎಂದು ನಾನು ವಾದಿಸುತ್ತೇನೆ. ಕಂಡದ್ದು ಯಾವುದು, ತಿಳಿದು ತುಂಬಿದ್ದು ಯಾವುದು ಎಂಬ ಗಡಿ ಅಳಿಸಿಹೋದ ಚಿತ್ರಕ್ಕೆ ಸಾಕ್ಷಿಯ ಬೆಲೆ ಇಲ್ಲ.

ಮೊದಲು ಆ ಚಿತ್ರಗಳು ಹುಟ್ಟುವ ಬಗೆಯನ್ನು ಗಮನಿಸೋಣ. ಶಾಸನತಜ್ಞರು ಹಳೆಯ ಕಾಲದಿಂದ ನೆಚ್ಚಿಕೊಂಡದ್ದು ಪಡಿಯಚ್ಚನ್ನು. ಬಂಡೆಯನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಗಟ್ಟಿ ಕುಂಚದಿಂದ ತಟ್ಟಿ ತಟ್ಟಿ ಅಕ್ಷರದ ತಗ್ಗಿಗೆ ಕಾಗದವನ್ನು ಇಳಿಸುತ್ತಾರೆ. ಆಮೇಲೆ ಮಸಿಯ ಉಂಡೆಯಿಂದ ಮೇಲ್ಮೈಯನ್ನು ಒತ್ತುತ್ತಾರೆ. ಮಸಿ ತಾಗಿದ ಮೇಲ್ಮೈ ಕಪ್ಪಾಗುತ್ತದೆ, ತಗ್ಗಾಗಿರುವ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಪುಸ್ತಕದಲ್ಲಿ ನಾವು ನೋಡುವ ಶಾಸನಚಿತ್ರಗಳಲ್ಲಿ ಹೆಚ್ಚಿನವು ಇಂಥ ಪಡಿಯಚ್ಚಿನ ಫೋಟೋಗಳು. ಆದರೆ ಉಳಿ ಮಾಡಿದ ತಗ್ಗು, ಮಳೆ ಕೊರೆದ ತಗ್ಗು, ಕಲ್ಲುಹೂವು ತಿಂದ ತಗ್ಗು, ಇವುಗಳ ನಡುವೆ ಕಾಗದಕ್ಕೆ ಭೇದ ತಿಳಿಯದು. ಎಲ್ಲವೂ ಬಿಳಿಯೇ. ನೇರವಾಗಿ ಬಂಡೆಯನ್ನೇ ಚಿತ್ರಿಸಿದರೆ ಈ ತೊಡಕು ಇನ್ನೊಂದು ರೂಪದಲ್ಲಿ ಬರುತ್ತದೆ. ನಡುಮಧ್ಯಾಹ್ನದ ಬಿಸಿಲಲ್ಲಿ ಆಳವಿಲ್ಲದ ಅಕ್ಷರ ಮಾಯವಾಗುತ್ತದೆ. ಓರೆ ಬಿಸಿಲಲ್ಲಿ ಅದು ಎದ್ದು ಕಾಣುತ್ತದೆ, ಆದರೆ ಬೆಳಕಿನ ದಿಕ್ಕಿಗೆ ಅಡ್ಡಲಾಗಿರುವ ಗೆರೆಗಳು ಮಾತ್ರ. ಬೆಳಕಿನ ದಿಕ್ಕಿನಲ್ಲೇ ಸಾಗುವ ಗೆರೆಗೆ ನೆರಳಿಲ್ಲದ್ದರಿಂದ ಅದು ಚಿತ್ರದಲ್ಲಿ ಇಲ್ಲವೆಂದೇ ತೋರುತ್ತದೆ. ಬೆಳಕು ಕೆಳಗಿನಿಂದ ಬಿದ್ದರೆ ಕೊರೆದ ಅಕ್ಷರವೇ ಉಬ್ಬಿದಂತೆ ಕಾಣುವುದೂ ಉಂಟು.

ಅಶೋಕನ ಕಾಲದ ಬ್ರಾಹ್ಮಿಯಂಥ ಲಿಪಿಗೆ ಈ ಅಪಾಯ ಇನ್ನೂ ಹೆಚ್ಚು. ಅದರ ಅಕ್ಷರಗಳು ಬಹಳ ಸರಳ. 'ಕ' ಎಂದರೆ ಕೂಡಿಸುವ ಗುರುತು. 'ಗ' ಎಂದರೆ ಕೆಳಗೆ ಬಾಯ್ದೆರೆದ ಒಂದು ಕೋನ. 'ಠ' ಬರಿಯ ವೃತ್ತ, ಅದೇ ವೃತ್ತದ ನಡುವೆ ಒಂದು ಚುಕ್ಕೆ ಇಟ್ಟರೆ 'ಥ'. ಅನುಸ್ವಾರವೆಂದರೆ ಅಕ್ಷರದ ಬಲಕ್ಕೆ ಒಂದು ಚುಕ್ಕೆ. ದೀರ್ಘ 'ಆ' ಸ್ವರಕ್ಕೆ ಬಲಕ್ಕೆ ಎಳೆದ ಒಂದು ಚಿಕ್ಕ ಗೀಟು, 'ಏ' ಸ್ವರಕ್ಕೆ ಅದೇ ಗೀಟು ಎಡಕ್ಕೆ. ಕಣಶಿಲೆಯ ಬಂಡೆಯಲ್ಲಿ ಒಂದು ಹರಳು ಉದುರಿದರೆ ಸಾಕು, ಬೆಂಡೆ ಬೀಜದಷ್ಟು ಕುಳಿ ಬಿದ್ದು 'ಠ' ಹೋಗಿ 'ಥ' ಆಗಬಹುದು. ಎಳೆಯಷ್ಟು ಸೀಳು ಬಿಟ್ಟರೆ ಹ್ರಸ್ವ ದೀರ್ಘವಾಗಬಹುದು. ಪಾಲ್ಕಿಗುಂಡಿನಂಥ ಸವೆದ ಬಂಡೆಯ ಚಿತ್ರದಲ್ಲಿ ಇಂಥ ಗುರುತುಗಳು ಅಕ್ಷರಗಳಿಗಿಂತ ಹೆಚ್ಚು. ಅವುಗಳಲ್ಲಿ ಯಾವುದನ್ನು ಉಳಿಯ ಏಟೆಂದು ಎಣಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಚಿತ್ರದಿಂದ ಬರುವುದಿಲ್ಲ, ಓದುವವನಿಂದ ಬರುತ್ತದೆ.

ಇದಕ್ಕಾಗಿಯೇ ಶಾಸನ ಸಂಪಾದಕರು ಒಂದು ಒಳ್ಳೆಯ ಪದ್ಧತಿ ಬೆಳೆಸಿದ್ದಾರೆ. ಸ್ಪಷ್ಟ ಅಕ್ಷರವನ್ನು ಹಾಗೆಯೇ ಬರೆಯುತ್ತಾರೆ, ಅಳಿಸಿದ ಅಥವಾ ಊಹಿಸಿದ ಅಕ್ಷರವನ್ನು ಆವರಣದೊಳಗೆ ಇಡುತ್ತಾರೆ. ಓದುಗನಿಗೆ ನೆಲ ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ತಿಳಿಯುತ್ತದೆ. ನನ್ನ ತಕರಾರು ಏನೆಂದರೆ, ಬರಹದಲ್ಲಿ ಇಷ್ಟು ಎಚ್ಚರ ವಹಿಸುವ ನಾವು ಚಿತ್ರದಲ್ಲಿ ಅದನ್ನು ಕೈಬಿಡುತ್ತೇವೆ. ಫೋಟೋ ತೆಗೆಯುವ ಮುಂಚೆ ಅಕ್ಷರಗಳ ಮೇಲೆ ಸೀಮೆಸುಣ್ಣ ಎಳೆಯುವುದು, ಹಿಟ್ಟು ತುಂಬುವುದು, ಊರ ಕಲ್ಲುಗಳಾದರೆ ಎಣ್ಣೆಬಣ್ಣವನ್ನೇ ಬಳಿಯುವುದು ಇಂದಿಗೂ ನಡೆದಿದೆ. ಕುಷ್ಟಗಿ, ಯಲಬುರ್ಗಾ ಸೀಮೆಯ ಊರಬಾಗಿಲ ವೀರಗಲ್ಲುಗಳಿಗೆ, ಗುಡಿಯ ಮುಂದಿನ ದಾನಶಾಸನಗಳಿಗೆ ಪೂಜೆಯ ಎಣ್ಣೆ, ಸುಣ್ಣ ತಾಗುವುದು ಭಕ್ತಿಯ ಮಾತು, ಅದನ್ನು ನಾನು ದೂರುವುದಿಲ್ಲ. ಆದರೆ ಓದಿಗೆಂದೇ ಬಳಿದ ಸೀಮೆಸುಣ್ಣ ಬೇರೆ. ಸೀಮೆಸುಣ್ಣ ಎಳೆದವನು ಆಗಲೇ ಓದಿ ಮುಗಿಸಿದ್ದಾನೆ. ಯಾವ ಗೀರು ಅಕ್ಷರ, ಯಾವುದು ಬಿರುಕು ಎಂದು ತೀರ್ಪು ಕೊಟ್ಟು, ತೀರ್ಪನ್ನೇ ಬಂಡೆಯ ಮೇಲೆ ಬರೆದಿದ್ದಾನೆ. ಆ ಫೋಟೋವನ್ನು ಮುಂದೆ ಹಿಡಿದು 'ನೋಡಿ, ಇಲ್ಲಿ ಅಕ್ಷರ ಇದೆಯಲ್ಲ' ಎಂದರೆ ಅದು ವಾದಿಯೇ ತನ್ನ ಪರ ಸಾಕ್ಷಿ ನುಡಿದಂತೆ. ಆವರಣ ಚಿಹ್ನೆಗಳಿಲ್ಲದ ಊಹೆ ಅದು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದೂ ಅಲ್ಲ. ಅಶೋಕನ ಶಾಸನಗಳನ್ನು ನಾವು ಅರ್ಥ ಮಾಡಿಕೊಂಡದ್ದೇ ಒಂದನ್ನು ಇನ್ನೊಂದರ ಜೊತೆ ಹೋಲಿಸಿ. ಹಾಗಿದ್ದಮೇಲೆ ಗವಿಮಠದ ಬೆಳಕಿನಲ್ಲಿ ಪಾಲ್ಕಿಗುಂಡನ್ನು ಓದುವುದರಲ್ಲಿ ಏನು ತಪ್ಪು ಎಂದು ಕೇಳಬಹುದು. ಹೋಲಿಕೆ ಬೇಕೇ ಬೇಕು. ಆದರೆ ಯಾವ ಹಂತದಲ್ಲಿ ಹೋಲಿಸಬೇಕು ಎಂಬುದಕ್ಕೆ ನಮ್ಮ ನೆರೆಯ ಮಸ್ಕಿಯೇ ಉತ್ತರ ಕೊಡುತ್ತದೆ. ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನವನ್ನು 1915ರಲ್ಲಿ ಚಿನ್ನದ ಗಣಿಗಳ ಇಂಜಿನಿಯರ್ ಬೀಡನ್ ಕಂಡರು, ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಹೈದರಾಬಾದ್ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. ಅದೂ ಇದೇ ಆಜ್ಞೆಯ ಪ್ರತಿ, ಅದೂ ಪೂರ್ತಿ ಉಳಿದದ್ದಲ್ಲ. ಆ ಹೊತ್ತಿಗೆ ರೂಪನಾಥ, ಸಹಸ್ರಾಮ, ಬೈರಾಟ್‌ಗಳ ಪ್ರತಿಗಳೂ ನಮ್ಮ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಪ್ರತಿಗಳೂ ತಿಳಿದಿದ್ದವು. ಅವುಗಳಲ್ಲಿ ಎಲ್ಲಿಯೂ ಅರಸನ ಹೆಸರಿರಲಿಲ್ಲ. 'ದೇವಾನಾಂಪ್ರಿಯ' ಎಂಬ ಬಿರುದೊಂದೇ ಇತ್ತು. ಮಸ್ಕಿಯ ಮೊದಲ ಸಾಲಿನಲ್ಲಿ ಆ ಬಿರುದಿನ ಮುಂದೆ 'ಅಶೋಕ' ಎಂಬ ಹೆಸರು ಸಿಕ್ಕಿತು. 1837ರಲ್ಲಿ ಟರ್ನೌರ್ ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ದೇವಾನಾಂಪ್ರಿಯ ಪ್ರಿಯದರ್ಶಿಯೇ ಅಶೋಕ ಎಂದು ಹೇಳಿದ್ದರು. ಆ ಮಾತಿಗೆ ಕಲ್ಲಿನ ಆಧಾರ ದೊರೆತದ್ದು ಮಸ್ಕಿಯಲ್ಲಿ. ಬೇರೆ ಪ್ರತಿಗಳಲ್ಲಿ ಇರುವುದೇ ಇಲ್ಲೂ ಇರಬೇಕು ಎಂದು ಕೃಷ್ಣಶಾಸ್ತ್ರಿಗಳು ಮೊದಲೇ ನಿಶ್ಚಯಿಸಿಕೊಂಡು ಓದಿದ್ದರೆ? ಸವೆದ ಬಂಡೆಯ ಮೇಲಿನ ಆ ನಾಲ್ಕು ಗುರುತುಗಳು ತೊಡಕೆಂದು ತೋರಿ ಆವರಣದೊಳಗೆ ಕರಗಿಹೋಗುತ್ತಿದ್ದವು.

ಮಸ್ಕಿ ಇನ್ನೊಂದು ವಾದವನ್ನೂ ಮುಗಿಸಿತು. ಈ ಆಜ್ಞೆಯಲ್ಲಿ ಜಂಬೂದ್ವೀಪದ ದೇವರುಗಳನ್ನೂ ಮನುಷ್ಯರನ್ನೂ ಕುರಿತ ಒಂದು ವಾಕ್ಯ ಬರುತ್ತದೆ. ಅದರಲ್ಲಿ 'ಮಿಸಾ' ಎಂಬ ಮಾತಿದೆ. ಅಂದಿನ ಬ್ರಾಹ್ಮಿಯಲ್ಲಿ ಒತ್ತಕ್ಷರವನ್ನು ಇಮ್ಮಡಿಸಿ ಬರೆಯುವ ರೂಢಿ ಇಲ್ಲದ್ದರಿಂದ ಆ ಎರಡು ಅಕ್ಷರ 'ಸುಳ್ಳು' ಎಂಬ ಪದವೂ ಆಗಬಹುದಿತ್ತು, 'ಬೆರೆತ' ಎಂಬ ಪದವೂ ಆಗಬಹುದಿತ್ತು. ಶಾಸನತಜ್ಞ ಬ್ಯೂಲರ್ ಮೊದಲಲ್ಲಿ ಹಿಡಿದದ್ದು ಸುಳ್ಳಿನ ಅರ್ಥವನ್ನು. ಜನ ನಿಜವೆಂದು ನಂಬಿದ್ದ ದೇವರುಗಳನ್ನು ಅಶೋಕ ಸುಳ್ಳಾಗಿಸಿದ ಎಂದು ತಾತ್ಪರ್ಯ ಬಂತು. ಅರಸನ ಧರ್ಮದ ಚಿತ್ರವೇ ಬದಲಾಗುವಷ್ಟು ದೊಡ್ಡ ಮಾತಿದು. ಸಿಲ್ವಾ ಲೆವಿ 'ಬೆರೆತ' ಎಂಬ ಅರ್ಥವನ್ನು ಎತ್ತಿ ಹಿಡಿದರು. ಉತ್ತರದ ಬಂಡೆಗಳ ಚಿತ್ರಗಳನ್ನು ಎಷ್ಟು ಹಿಗ್ಗಿಸಿ ನೋಡಿದರೂ ಈ ವಾದ ಮುಗಿಯುವಂತಿರಲಿಲ್ಲ, ಏಕೆಂದರೆ ಅಕ್ಷರಗಳ ಬಗ್ಗೆ ಇಬ್ಬರಿಗೂ ಭಿನ್ನಾಭಿಪ್ರಾಯವೇ ಇರಲಿಲ್ಲ. ಮಸ್ಕಿಯಲ್ಲಿ ಆ ಜಾಗದಲ್ಲಿ 'ಮಿಸಿಭೂತಾ' ಎಂಬ ಬೇರೆ ರೂಪ ಕಾಣಿಸಿತು, ಬೆರೆತವರಾದರು ಎಂದಲ್ಲದೆ ಅದಕ್ಕೆ ಇನ್ನೊಂದು ಅರ್ಥ ಹೊಂದುವುದಿಲ್ಲ. 1925ರ ತಮ್ಮ ಶಾಸನ ಸಂಪುಟದಲ್ಲಿ ಹುಲ್ಟ್ಷ್ ಇದನ್ನು ಖಚಿತಪಡಿಸಿದರು. ಮಸ್ಕಿ ಈ ಉಪಕಾರ ಮಾಡಲು ಸಾಧ್ಯವಾದದ್ದು ಅದನ್ನು ಅದರಷ್ಟಕ್ಕೆ ಓದಿದ್ದರಿಂದ. ಮೊದಲು ಬಂಡೆ ತನ್ನ ಗುರುತುಗಳನ್ನು ತಾನೇ ತೋರಿಸಬೇಕು, ಹೋಲಿಕೆ ಆಮೇಲೆ. ಪ್ರತಿ ಪ್ರತಿಯನ್ನೂ ಬೇರೊಂದರಿಂದ ತುಂಬುತ್ತಾ ಹೋದರೆ ಕೊನೆಗೆ ಉಳಿಯುವುದು ಒಂದೇ ಪ್ರತಿ. ಒಂದರ ತಪ್ಪನ್ನು ತೋರಿಸಲು ಇನ್ನೊಂದು ಇರುವುದಿಲ್ಲ.

ಗುರುತುಗಳಲ್ಲಿ ಒಮ್ಮತವಿದ್ದೂ ವಾದ ಬೆಳೆಯುವುದಕ್ಕೆ ನಿದರ್ಶನವಾಗಿ 256ರ ಕಥೆಯನ್ನೂ ನೆನೆಯಬೇಕು. ಈ ಆಜ್ಞೆಯ ಕೆಲವು ಪ್ರತಿಗಳ ಕೊನೆಯಲ್ಲಿ 256 ಎಂಬ ಅಂಕಿ ಇದೆ. ಬ್ಯೂಲರ್ 1877ರಲ್ಲಿ ಸಹಸ್ರಾಮ, ರೂಪನಾಥ ಪಾಠಗಳನ್ನು ಪ್ರಕಟಿಸಿದಾಗ ಅದು ಬುದ್ಧನ ಪರಿನಿರ್ವಾಣದಿಂದ ಕಳೆದ ವರ್ಷಗಳ ಸಂಖ್ಯೆ ಎಂದು ಎಣಿಸಿದರು. ಬುದ್ಧನ ಕಾಲವನ್ನೇ ನಿರ್ಧರಿಸುವ ದಾಖಲೆ ಎಂದು ಅದಕ್ಕೆ ಮಹತ್ವ ಬಂತು. 1910ರಲ್ಲಿ ಎಫ್. ಡಬ್ಲ್ಯು. ಥಾಮಸ್ ಅದೇ ಸಹಸ್ರಾಮದ ಸಾಲಿನಲ್ಲಿ 'ಲಾತಿ' ಎಂಬ ಎರಡು ಅಕ್ಷರಗಳನ್ನು ಬೇರೆಯಾಗಿ ನಿಲ್ಲಿಸಿ, ಅದು ಪೂರ್ವದ ಪ್ರಾಕೃತದಲ್ಲಿ ರಾತ್ರಿ ಎಂದು ತೋರಿಸಿದರು. ಅಲ್ಲಿಗೆ 256 ವರ್ಷಗಳು ಹೋಗಿ ಮನೆಯಿಂದ ದೂರ ಕಳೆದ 256 ರಾತ್ರಿಗಳಾದವು. ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. ಪದಗಳ ನಡುವೆ ಜಾಗ ಬಿಡದೆ ಕೆತ್ತಿದ ಸಾಲನ್ನು ಎಲ್ಲಿ ತುಂಡರಿಸಬೇಕು ಎಂಬುದಷ್ಟೇ ಬದಲಾದದ್ದು. ಬ್ಯೂಲರ್ ಆ ಅಕ್ಷರಗಳನ್ನು ಚಿತ್ರದೊಂದಿಗೆ ಇದ್ದಂತೆ ಅಚ್ಚು ಮಾಡಿದ್ದರಿಂದಲೇ ಮೂವತ್ತಮೂರು ವರ್ಷಗಳ ನಂತರ ಇನ್ನೊಬ್ಬರು ಅವರನ್ನು ಒಪ್ಪದಿರಲು ಸಾಧ್ಯವಾಯಿತು. ಒಳ್ಳೆಯ ವಿದ್ವಾಂಸನ ಗುಣವನ್ನು ನಾನು ಇಲ್ಲಿ ಕಾಣುತ್ತೇನೆ.

ಎರಡನೆಯ ಆಕ್ಷೇಪ ಇದಕ್ಕೆ ಎದುರು ದಿಕ್ಕಿನಿಂದ ಬರುತ್ತದೆ. ಇಷ್ಟು ಅನುಮಾನ ಪಟ್ಟರೆ ನಿಜವಾದ ಅಕ್ಷರಗಳನ್ನೂ ಬಿರುಕೆಂದು ತಳ್ಳಿಬಿಡುತ್ತೇವೆ ಎಂದು. ಇದೂ ನಿಜವಾದ ಅಪಾಯ. 1892ರಲ್ಲಿ ಬಿ. ಎಲ್. ರೈಸ್ ಚಿತ್ರದುರ್ಗ ಸೀಮೆಯಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿ ಶಾಸನದ ತುದಿಯಲ್ಲಿ ಚಪಡ ಎಂಬ ಬರಹಗಾರನ ಹೆಸರಿನ ನಂತರ ಕೆಲವು ಗುರುತುಗಳಿವೆ. ಬ್ರಾಹ್ಮಿಯನ್ನಷ್ಟೇ ಬಲ್ಲ ಕಣ್ಣಿಗೆ ಅವು ಅರ್ಥವಿಲ್ಲದ ಗೀರುಗಳು. ಬ್ಯೂಲರ್ ಅವು ಖರೋಷ್ಠಿ ಅಕ್ಷರಗಳೆಂದು ಗುರುತಿಸಿದರು. ಬಲದಿಂದ ಎಡಕ್ಕೆ ಸಾಗುವ ಆ ವಾಯವ್ಯ ಗಡಿಯ ಲಿಪಿಯಲ್ಲಿ ಚಪಡ ತನ್ನನ್ನು ಲಿಪಿಕಾರನೆಂದು ಹೇಳಿಕೊಂಡಿದ್ದ. ಮೌರ್ಯರ ಆಡಳಿತದಲ್ಲಿ ನುರಿತ ಬರಹಗಾರರು ಎಷ್ಟು ದೂರದಿಂದ ನಮ್ಮ ನಾಡಿಗೆ ಬಂದಿದ್ದರು ಎಂಬುದಕ್ಕೆ ಆ ಪುಟ್ಟ ಪದ ದೊಡ್ಡ ಆಧಾರ. ಯಾರಾದರೂ ಪಡಿಯಚ್ಚನ್ನು ಅಂದಗೊಳಿಸಲು ಹೋಗಿ ಆ ಗೀರುಗಳ ಮೇಲೆ ಮಸಿ ಒತ್ತಿದ್ದರೆ ಆ ಆಧಾರ ಇರುತ್ತಿರಲಿಲ್ಲ. ಆದ್ದರಿಂದ ನನ್ನ ವಾದ ಅನುಮಾನದ ಪರ ಮಾತ್ರ ಅಲ್ಲ. ಇಲ್ಲದ್ದನ್ನು ಸೇರಿಸುವುದೂ ಇದ್ದದ್ದನ್ನು ಒರೆಸುವುದೂ ಒಂದೇ ತಪ್ಪಿನ ಎರಡು ಬಗೆ. ಅರ್ಥವಾಗದ ಗುರುತು ಅರ್ಥವಾಗದ ಗುರುತಾಗಿಯೇ ಚಿತ್ರದಲ್ಲಿ ಉಳಿಯಬೇಕು.

ಪಾಲ್ಕಿಗುಂಡಿನಲ್ಲಿ ಅಶೋಕನ ಅಕ್ಷರಗಳ ಹತ್ತಿರದಲ್ಲೇ ಇನ್ನೊಂದು ಗುರುತಿದೆ. ಬಂಡೆಯಲ್ಲಿ ಕೆತ್ತಿದ ಎರಡು ಪಾದಗಳು, ಪಕ್ಕದಲ್ಲಿ ಹಳಗನ್ನಡದ ಚಿಕ್ಕ ಬರಹ. ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದ ಎಂಬುದಷ್ಟೇ ಅದರ ಒಕ್ಕಣೆ. ಕೊಪಣವೆಂದು ಹೆಸರಾಗಿದ್ದ ಈ ಊರು ಜೈನರಿಗೆ ಮಹಾತೀರ್ಥ. ಈ ಆಚಾರ್ಯರೇ ಸಂಸ್ಕೃತದ ವರಾಂಗಚರಿತವನ್ನು ಬರೆದ ಕವಿ ಎಂದು ವಿದ್ವಾಂಸರು ಗುರುತಿಸಿದ್ದಾರೆ, ಎ. ಎನ್. ಉಪಾಧ್ಯೆಯವರು 1938ರಲ್ಲಿ ಆ ಗ್ರಂಥವನ್ನು ಸಂಪಾದಿಸಿ ಹೊರತಂದರು. ಇದು ಒಪ್ಪತಕ್ಕ ಗುರುತಿಸುವಿಕೆ. ಆದರೆ ಪಾದಗಳ ಫೋಟೋ ತೋರಿಸಿ 'ಕವಿ ಇಲ್ಲಿಯೇ ದೇಹಬಿಟ್ಟ' ಎಂದು ಹೇಳಿದರೆ ಅದು ಚಿತ್ರ ಹೇಳಿದ ಮಾತಲ್ಲ. ಪಾದ ಕೆತ್ತಿಸುವುದು ಸಮಾಧಿಯ ಗುರುತಾಗಬಹುದು, ಗೌರವದ ಗುರುತೂ ಆಗಬಹುದು. ಬರಹದಲ್ಲಿ ಗ್ರಂಥದ ಹೆಸರಿಲ್ಲ, ಮರಣದ ಮಾತಿಲ್ಲ, ವರ್ಷವೂ ಇಲ್ಲ. ಲಿಪಿಯ ರೂಪ ನೋಡಿ ಕಾಲ ಹೇಳುವುದು ಒಂದು ಶತಮಾನದ ಅತ್ತಿತ್ತ ಸರಿಯುವ ಅಂದಾಜು. ಊರಿನ ಅಭಿಮಾನ ದೊಡ್ಡದು, ನನಗೂ ಆ ಅಭಿಮಾನವಿದೆ. ಅಭಿಮಾನಕ್ಕೆ ಬೇಕಾದದ್ದನ್ನು ಬಂಡೆಯ ಬಾಯಿಂದ ಹೇಳಿಸುವ ಅಗತ್ಯ ಕೊಪ್ಪಳಕ್ಕೆ ಇಲ್ಲ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ವಾದ ಬಂದಾಗ ಬಂಡೆಯ ಬಳಿಗೇ ಹೋಗಿ ನೋಡಿ ಎಂದು ಹೇಳುವುದು ಸುಲಭ, ಆದರೆ ಬಂಡೆ 1932ರಲ್ಲಿ ಇದ್ದಂತೆ ಇಂದು ಇಲ್ಲ ಎಂಬುದು ಅದು. ಸವೆತ ನಿಲ್ಲುವುದಿಲ್ಲ. ಆಗ ಹಳೆಯ ಚಿತ್ರವೇ ಬಂಡೆಗಿಂತ ಹೆಚ್ಚು ತಿಳಿದಿರುವ ಸಾಕ್ಷಿಯಾಗುತ್ತದೆ. ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಹಳೆಯ ಪಡಿಯಚ್ಚಿನಲ್ಲಿ ಇದ್ದು ಇಂದು ಬಂಡೆಯಲ್ಲಿ ಕಾಣದ ಗೆರೆಯನ್ನು ಕಾಣದೆಂಬ ಕಾರಣಕ್ಕೇ ತಳ್ಳಿಹಾಕಲಾಗದು. ಆದರೆ ಅದು ಬಂಡೆಯ ಗೆರೆಯೋ ಅಚ್ಚು ತೆಗೆದವರ ಕೈತಪ್ಪೋ ಎಂದು ಕೇಳಿದಾಗ ಉತ್ತರ ಸಿಗುವುದು ಒಂದಕ್ಕಿಂತ ಹೆಚ್ಚು ಹಳೆಯ ಚಿತ್ರಗಳು ಉಳಿದಿದ್ದರೆ ಮಾತ್ರ. ಎರಡು ಬೇರೆ ಪಡಿಯಚ್ಚುಗಳಲ್ಲಿ, ಅಥವಾ ಒಂದು ಪಡಿಯಚ್ಚು ಮತ್ತು ತಿದ್ದದ ಒಂದು ಫೋಟೋದಲ್ಲಿ ಅದೇ ಗೆರೆ ಅದೇ ಜಾಗದಲ್ಲಿ ಬಂದರೆ ಅದು ಬಂಡೆಯಲ್ಲಿ ಇದ್ದದ್ದೇ. ಕಾಗದದ ಮಡಿಕೆ ಎರಡು ಸಲ ಒಂದೇ ಕಡೆ ಬೀಳುವುದಿಲ್ಲ. ಹೀಗೆ ನೋಡಿದರೆ, ಬಂಡೆ ಸವೆಯುತ್ತಿದೆ ಎಂಬ ಮಾತು ನನ್ನ ವಾದವನ್ನು ಕೆಡಿಸುವ ಬದಲು ಇನ್ನಷ್ಟು ಅವಸರದ್ದಾಗಿ ಮಾಡುತ್ತದೆ. ನಾಳೆ ಬಂಡೆಯ ಸ್ಥಾನದಲ್ಲಿ ನಿಲ್ಲಬೇಕಾದ ಚಿತ್ರದಲ್ಲಿ ಇಂದೇ ಕೈಯಾಡಿಸಿದರೆ ಮುಂದಿನವರು ಯಾವುದನ್ನು ಕೇಳಬೇಕು?

ಕಂಪ್ಯೂಟರ್ ಇದನ್ನೆಲ್ಲ ಬಗೆಹರಿಸುತ್ತದೆ ಎಂಬ ನಂಬಿಕೆ ಈಚೆಗೆ ಬೆಳೆದಿದೆ. ಅದರಲ್ಲಿ ಅರ್ಧ ನಿಜವಿದೆ. ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಗುಡ್ಡವನ್ನು ನೋಡಿ. ಸುಮಾರು 400 ಶಿಲಾಸಮಾಧಿಗಳಿರುವ, ಜನ ಮೋರ್ಯರ ಗುಡ್ಡ ಎಂದು ಕರೆಯುವ, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗವದು. ಅಲ್ಲಿನ ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನ ಚಿತ್ರಗಳಿವೆ. ಮಾಸಿದ ಇಂಥ ಬಣ್ಣವನ್ನು ಫೋಟೋದಲ್ಲಿ ಎತ್ತಿ ತೋರಿಸಲು ಜಾನ್ ಹಾರ್ಮನ್ ರೂಪಿಸಿದ ಡಿಸ್ಟ್ರೆಚ್ ಎಂಬ ಸಾಧನ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಬರಿಗಣ್ಣಿಗೆ ಕಾಣದ ಆಕೃತಿ ಅದರಲ್ಲಿ ಎದ್ದು ಬರುತ್ತದೆ, ಅದು ದೊಡ್ಡ ಉಪಕಾರ. ಆದರೆ ಬಂಡೆಯ ಕಬ್ಬಿಣದ ಕಲೆಯೂ ಕೆಮ್ಮಣ್ಣೂ ಬಣ್ಣದಲ್ಲಿ ನೆಂಟರು. ಬಣ್ಣವನ್ನು ಹಿಗ್ಗಿಸುವ ಸಾಧನ ಎರಡನ್ನೂ ಹಿಗ್ಗಿಸುತ್ತದೆ. ಕಲೆಯ ಅಂಚಿನಲ್ಲಿ ಕೊಂಬು ಕಂಡವನು ಅದನ್ನು ಗೂಳಿ ಎನ್ನಬಹುದು. ಹಾಗಾಗಿ ಹಿಗ್ಗಿಸಿದ ಚಿತ್ರದ ಪಕ್ಕದಲ್ಲಿ ಮೂಲ ಚಿತ್ರವನ್ನೂ, ಯಾವ ಬಗೆಯಲ್ಲಿ ಹಿಗ್ಗಿಸಲಾಯಿತೆಂಬ ವಿವರವನ್ನೂ ಕೊಡದ ಹೊರತು ಅದೂ ಸೀಮೆಸುಣ್ಣವೇ. ಕೆತ್ತಿದ ಅಕ್ಷರಗಳಿಗೆ ಇದಕ್ಕಿಂತ ಹೊಂದುವ ಇನ್ನೊಂದು ವಿಧಾನವಿದೆ. 2001ರಲ್ಲಿ ಟಾಮ್ ಮಾಲ್ಜ್‌ಬೆಂಡರ್ ಮತ್ತು ಅವರ ಜೊತೆಗಾರರು ಪ್ರಕಟಿಸಿದ ತಂತ್ರದಿಂದ ಬೆಳೆದದ್ದು ಅದು. ಕ್ಯಾಮೆರಾ ಒಂದೇ ಕಡೆ ಅಲುಗದೆ ನಿಂತಿರುತ್ತದೆ, ದೀಪ ಮಾತ್ರ ಸುತ್ತಲೂ ಬೇರೆ ಬೇರೆ ಕೋನಗಳಿಗೆ ಸರಿಯುತ್ತದೆ. ಹತ್ತಾರು ಚಿತ್ರಗಳನ್ನು ಕೂಡಿಸಿದ ಮೇಲೆ ಓದುಗನೇ ಪರದೆಯ ಮೇಲೆ ಬೆಳಕನ್ನು ತನಗೆ ಬೇಕಾದ ದಿಕ್ಕಿಗೆ ತಿರುಗಿಸಿ ನೋಡಬಹುದು. ಉಳಿಯ ಗೆರೆಗೆ ತಳವಿದೆ, ಅಂಚಿದೆ, ಒಂದು ಹದದ ಅಗಲವಿದೆ. ಬಿರುಕು ಅಕ್ಷರದ ಎಲ್ಲೆ ಮೀರಿ ಓಡುತ್ತದೆ. ಬೆಳಕು ತಿರುಗಿದಾಗ ಈ ಭೇದ ಕಣ್ಣಿಗೆ ಬೀಳುತ್ತದೆ. ಈ ವಿಧಾನದಲ್ಲೂ ಕೊನೆಯ ತೀರ್ಮಾನ ಓದುವವನದೇ, ಆದರೆ ಅವನನ್ನು ಒಪ್ಪದವನ ಕೈಗೂ ಅದೇ ದೀಪ ಸಿಗುತ್ತದೆ.

ಪಾಲ್ಕಿಗುಂಡಿಗೆ ಮೊದಲು ಆಗಬೇಕಾದದ್ದು ಇದು. ಗವಿಮಠದ ಪಾಠ ಇನ್ನೂ ಕೆಲವು ಕಾಲ ಕಾಯಬಲ್ಲದು, ಸವೆದ ಬಂಡೆ ಕಾಯಲಾರದು. ಕೆಲಸ ದೊಡ್ಡ ಖರ್ಚಿನದೂ ಅಲ್ಲ. ಒಂದು ಒಳ್ಳೆಯ ಕ್ಯಾಮೆರಾ, ಅಲುಗದ ಮುಕ್ಕಾಲಿ, ಕೈಯಲ್ಲಿ ಹಿಡಿಯುವ ಒಂದು ದೀಪ, ಬೆಳಕಿನ ದಿಕ್ಕನ್ನು ಗುರುತಿಸಲು ಬಂಡೆಯ ಪಕ್ಕದಲ್ಲಿ ಇಡುವ ನುಣುಪಾದ ಕಪ್ಪು ಗೋಲಿ, ಮತ್ತು ಬಂಡೆಗೆ ಏನನ್ನೂ ಬಳಿಯದ ಕೈಗಳು ಬೇಕು. ರಕ್ಷಣೆಯ ಹೊಣೆ ಹೊತ್ತ ಇಲಾಖೆಯ ಅನುಮತಿ ಪಡೆದು, ಸ್ಥಳೀಯ ಕಾಲೇಜುಗಳ ಇತಿಹಾಸ ವಿಭಾಗದ ಹುಡುಗ ಹುಡುಗಿಯರು ಶಾಸನತಜ್ಞರ ಜೊತೆ ನಿಂತು ಇದನ್ನು ಮಾಡಬಲ್ಲರು. ತೆಗೆದ ಪ್ರತಿಯೊಂದು ಚಿತ್ರವನ್ನೂ, ಮಸುಕಾದವನ್ನೂ ಸೇರಿಸಿ, ತಿದ್ದದೆ ಇಡಬೇಕು. 1932ರ ಪುಸ್ತಕದ ಫಲಕಗಳನ್ನು ಅವುಗಳ ಪಕ್ಕದಲ್ಲಿ ಅದೇ ಅಳತೆಗೆ ಇಡಬೇಕು. ಗವಿಮಠದ ಪಾಠವನ್ನು ನೋಡದ ಒಬ್ಬರು ಮೊದಲು ತಮಗೆ ಕಂಡ ಗುರುತುಗಳನ್ನಷ್ಟೇ ಗೆರೆ ಎಳೆದು ಕೊಡಬೇಕು, ಪಾಠ ಬಲ್ಲವರು ಅದರ ನಂತರ ಕೂಡಬೇಕು. ಇಬ್ಬರ ಗೆರೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಹಾಗೆಯೇ ಅಚ್ಚು ಮಾಡಿದರೆ, ಪಾಲ್ಕಿಗುಂಡಿನ ಒಂದೊಂದು ಅಕ್ಷರಕ್ಕೂ ಯಾರು ಎಷ್ಟು ಹೊಣೆ ಎಂದು ಓದುಗರಿಗೆ ಗೊತ್ತಿರುತ್ತದೆ.